ಗಡಸು ಪ್ರಿಂಟು

ಮೊಬೈಲಿನಲ್ಲಿ ಮುಖ ಬೆಳ್ಳಗೆ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಸುರಪುರದಲ್ಲಿ ಆ ಕೆಲಸ ಮೊದಲು ಶುರು ಮಾಡಿದವರು ನಮ್ಮ ಅಬ್ಬಾನೇ ಇರಬೇಕು. ಅವರ ಸ್ಟುಡಿಯೋ ಕ್ಯಾಮೆರಾದ ಲೆನ್ಸಿಗೆ ಬೂಷ್ಟು ಹಿಡಿದು ಚಿತ್ರವೆಲ್ಲ ಮಬ್ಬಾಗಿ ಬರುತ್ತಿತ್ತು. ಅದನ್ನು ಮುಚ್ಚಲು ಕಪ್ಪು-ಬಿಳುಪು ಎದ್ದು ಕಾಣುವ ಗಡಸು ಫಿಲಂ ಹಾಕಿ, ಅದಕ್ಕಿಂತ ಗಡಸು ಕಾಗದದ ಮೇಲೆ ಪ್ರಿಂಟು ತೆಗೆಯುತ್ತಿದ್ದರು. ಕಪ್ಪೆಲ್ಲ ಮಸಿ, ಗೋಧಿ ಬಣ್ಣದ ಮುಖ ಸುಣ್ಣ. ಗಿರಾಕಿಗಳಿಗೆ ಅದೇ ಖುಷಿ.

ಶಹಾಪುರದಲ್ಲಿ ಟೀಚರಾಗಿರುವ ಮಲ್ಲೇಶ್ವರಿ ಅಂಥದೇ ಒಂದು ಪ್ರಿಂಟು ಹಿಡಿದು ನನ್ನ ಸ್ಟುಡಿಯೋಕ್ಕೆ ಬಂದಳು. ಜೊತೆಗೆ ಅವಳನ್ನು ಸಾಕಿದ ಚಿಗವ್ವ, ಅವ್ವನ ತಂಗಿ ಗೊಲ್ಲಾಳಮ್ಮ. ಚಿತ್ರದಲ್ಲಿ ಕುರ್ಚಿಯ ಮೇಲೆ ಮಲ್ಲೇಶ್ವರಿಯ ಅವ್ವ, ತೊಡೆಯ ಮೇಲೆ ಕೂಸು, ಕೂಸಿನ ಸುತ್ತ ಒಂದು ಕೈ. ಅವ್ವನ ಮುಖ ಮಾತ್ರ ಬರೀ ಬಿಳಿ. ಅದರಲ್ಲಿ ಎರಡು ಕಣ್ಣು.

“ನಾ ಹುಟ್ಟಿ ಎಂಟು ದಿನಕ್ಕ ಅವ್ವ ತೀರಕೊಂಡಾಳ, ಖಾಜಾ ಚಾಚಾ. ಆಕಿ ನನ್ನ ಹಿಡಕೊಂಡಿದ್ದಕ್ಕ ಇದೊಂದೇ ಗುರ್ತು. ಮುಖ ಹೆಂಗಿತ್ತು ಅಂತ ಒಮ್ಮೆ ನೋಡಬೇಕ್ರಿ.”

“ಹಳೇದು ಇದ್ದಂಗ ಇರಲಿ ಬಿಡವ್ವ,” ಎಂದಳು ಗೊಲ್ಲಾಳಮ್ಮ.

“ನೀ ಸುಮ್ಮಕಿರು ಚಿಗವ್ವ. ಒಂದಿನರ ನನ್ನ ಎತ್ತಿಕೊಂಡಿದ್ದಿ ಏನು?”

ಅಷ್ಟು ಖಾರ ಬೇಕಿರಲಿಲ್ಲ ಎನಿಸಿತು ನನಗೆ.

ಪ್ರಿಂಟಿನ ಹಿಂದೆ ಅಬ್ಬಾ ಬರೆದ ನಂಬರಿತ್ತು. ಬಿಸ್ಕೀಟಿನ ಡಬ್ಬಿಯಿಂದ ನೆಗೆಟಿವ್ ಹುಡುಕಿ, ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಕ್ಯಾಮೆರಾದಲ್ಲಿ ತೆಗೆದು ಕಂಪ್ಯೂಟರಿಗೆ ಹಾಕಿದೆ. “ನೆಗೆಟಿವ್‌ನಾಗ ಎಲ್ಲಾ ಇರ್ತದವ್ವ. ಗಡಸು ಕಾಗದ ತಿಂದು ಹಾಕಿರ್ತದ,” ಎಂದು ಜಂಬ ಕೊಚ್ಚಿಕೊಳ್ಳುತ್ತ ಕಪ್ಪು-ಬಿಳುಪಿನ ಕಾಂಟ್ರಾಸ್ಟು ಇಳಿಸತೊಡಗಿದೆ.

ಸುಣ್ಣದೊಳಗಿಂದ ಮೂಗು ಬಂತು, ತುಟಿ ಬಂತು. “ನನ್ನ ಮೂಗರಿ!” ಎಂದು ಮಲ್ಲೇಶ್ವರಿ ನಕ್ಕಳು. ಇನ್ನಷ್ಟು ಇಳಿಸಿದೆ. ಮೌಸಿನ ಮೇಲೆ ನನ್ನ ಕೈ ನಿಂತುಬಿಟ್ಟಿತು.

ಕಣ್ಣು ಮುಚ್ಚಿದ್ದವು. ಪ್ರಿಂಟಿನ ಮೇಲಿದ್ದ ಕಣ್ಣು ಅಬ್ಬಾ ಕುಂಚದಿಂದ ಬರೆದವು. ಹಣೆಯ ತುಂಬ ವಿಭೂತಿ. ಗದ್ದದಿಂದ ತಲೆಯ ಮೇಲಕ್ಕೆ ಬಿಗಿದ ಬಿಳಿ ಬಟ್ಟೆ. ಹೆಣವನ್ನು ಕುಳ್ಳಿರಿಸಿ, ಮಣ್ಣಿಗಿಡುವ ಮೊದಲು ಫೋಟೊ ತೆಗೆಸುವ ರೂಢಿ ಇಲ್ಲಿಯದೇ. ಅಂಥವು ಎಷ್ಟೋ ನಾನೇ ತೆಗೆದಿದ್ದೇನೆ. ಆದರೆ ಹೆಣದ ತೊಡೆಯ ಮೇಲಿನ ಆ ಕೂಸು ಈಗ ನನ್ನ ಪಕ್ಕದಲ್ಲೇ ನಿಂತಿತ್ತು.

“ಸತ್ತಾಳ್ರಿ,” ಎಂದಳು ಮಲ್ಲೇಶ್ವರಿ. “ಆವಾಗ್ಲೇ ಸತ್ತಾಳ. ಅವ್ವ ನನ್ನ ಹಿಡಿದೇ ಇಲ್ಲ.” ಸ್ಟೂಲು ಎಳೆದುಕೊಂಡು ಕೂತಳು.

ಮುಚ್ಚಿಬಿಡೋಣವೆಂದು ಗಾಬರಿಯಲ್ಲಿ ಮೌಸು ಎಳೆದೆ. ಕೈ ತಪ್ಪಿ ಕಪ್ಪು ಭಾಗವೂ ತೆರೆದುಕೊಂಡಿತು. ಬೂಷ್ಟು ಹಿಡಿದ ಆ ಲೆನ್ಸು ಕತ್ತಲಿಗೂ ಚೂರು ಬೆಳಕು ಚೆಲ್ಲಿತ್ತು. ಕುರ್ಚಿಯ ಹಿಂದಿನ ಮಸಿ ಈಗ ಕಂಬಳಿಯಾಯಿತು. ಕಂಬಳಿ ಹೊದ್ದು ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು. ಕೂಸನ್ನು ಬಳಸಿದ ಕೈ ಬಂದದ್ದು ಅದರೊಳಗಿಂದ. ಸುಣ್ಣದಂತಿದ್ದ ಮುಂಗೈ ಮೇಲೆ ಚೇಳಿನ ಹಚ್ಚೆ ಮೂಡಿತ್ತು.

ಗೊಲ್ಲಾಳಮ್ಮ ತನ್ನ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಮಲ್ಲೇಶ್ವರಿ ಎದ್ದು ಹೋಗಿ ಅದನ್ನು ಹೊರಗೆಳೆದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಅದೇ ಚೇಳು.

“ಇಷ್ಟು ವರ್ಷ ಅಂದೇನಿ, ಆಡೇನಿ. ಒಂದು ಮಾತು ಯಾಕ ಹೇಳಲಿಲ್ಲ ಚಿಗವ್ವ?”

“ಅವ್ವನೇ ಹಿಡಿದಾಳ ಅಂತ ತಿಳಕೊಂಡಿದ್ದಿ. ಅಷ್ಟರ ಇರಲಿ ಅಂತ ಬಿಟ್ಟೆ.” ಗೊಲ್ಲಾಳಮ್ಮ ಕೈ ಬಿಡಿಸಿಕೊಳ್ಳಲಿಲ್ಲ. “ನನಗಾಗ ಹದಿಮೂರು ವರ್ಷ. ಅಕ್ಕನ ಮೈ ತಣ್ಣಗಿತ್ತು. ಭಾಳ ಅಂಜಿಕಿ ಬಂದಿತ್ತವ್ವ, ಓಡಿ ಹೋಗಬೇಕು ಅನಿಸಿತ್ತು. ನೀ ಬೀಳ್ತಿ ಅಂತ ಕುಂತೆ.”