ಏಳನೇ ಹಾಡಿನ ಕೊನೆ

ಅವಳು ಯಾವ ಸದ್ದನ್ನೂ ಕಳಿಸದಿದ್ದರೂ ಗಾಜಿನ ಆಚೆ ಕೂತಿದ್ದ ಮುದುಕ ಬಟನ್ ಒತ್ತಿದ. ಅವಳ ಮುಂದಿನ ಯಂತ್ರದಲ್ಲಿ ಪುಟ್ಟ ದೀಪ ಹೊತ್ತಿ ಆರಿತು. ಅವಳು ಸುಮ್ಮನೆ ಕಾದಳು. ಮುದುಕ ಮತ್ತೆ ಒತ್ತಿದ, ಈ ಸಲ ತಲೆಯನ್ನೂ ಆಡಿಸಿದ.

ಕಿವಿ ಪರೀಕ್ಷೆಗೆ ಬರುವವರಲ್ಲಿ ಇಂಥವರು ಬೇಕಾದಷ್ಟು. ಕೇಳಿಸುವುದಿಲ್ಲ ಎಂದು ಒಪ್ಪಿಕೊಳ್ಳಲಾರದೆ ಅಂದಾಜಿನ ಮೇಲೆ ಒತ್ತುತ್ತಾರೆ. ಅದಕ್ಕೇ ಪರೀಕ್ಷೆ ಮಾಡುವವರು ನಡುನಡುವೆ ಬರೀ ಮೌನ ಕಳಿಸಿ ನೋಡಬೇಕಾಗುತ್ತದೆ.

"ಯಜಮಾನ್ರೇ, ಕೇಳಿಸಿದ್ರೆ ಮಾತ್ರ ಒತ್ತಿ," ಎಂದಳು ಮೈಕಿನಲ್ಲಿ.

"ಕೇಳಿಸ್ತಮ್ಮಾ. ಚೆನ್ನಾಗೇ ಕೇಳಿಸ್ತು."

ಪಕ್ಕದಲ್ಲಿ ನಿಂತಿದ್ದ ಮುದುಕನ ಮಗಳು ನಿಟ್ಟುಸಿರಿಟ್ಟಳು. "ಮನೇಲೂ ಹೀಗೇ ಮೇಡಂ. ಎಲ್ಲದಕ್ಕೂ ಹ್ಞೂಂ ಅಂತಾರೆ. ನಾನು ಏನಂದೆ ಹೇಳಿ ಅಂದ್ರೆ ಸಿಟ್ಟು ಬರುತ್ತೆ."

ಅವರು ಹೋದ ಮೇಲೆ ಡಾಕ್ಟರ್ ಬಾಗಿಲಲ್ಲಿ ಇಣುಕಿದರು. "ಪೇಪರ್ ಓದಿದೆ. ‘ಈ ವರ್ಷದ ಅತ್ಯಂತ ಧೈರ್ಯದ ಆಲ್ಬಂ’ ಅಂತೆ! ನಮ್ಮ ಮಷೀನಿನ ಸದ್ದಿಗೆ ಇಷ್ಟು ಮರ್ಯಾದೆ ನಾನಂತೂ ಯಾವತ್ತೂ ಕೊಟ್ಟಿರ್ಲಿಲ್ಲ ಬಿಡಿ. ಅಂದಹಾಗೆ, ಅರ್ಧ ದಿನ ಮಾತ್ರ ಬರ್ತೀನಿ ಅಂದಿದ್ರಲ್ಲ, ಸೋಮವಾರ ಖಚಿತವಾಗಿ ಹೇಳ್ಬಿಡಿ. ಇನ್ನೊಬ್ಬರನ್ನ ಹುಡುಕ್ಬೇಕು."

"ಹೇಳ್ತೀನಿ ಸರ್."

ಆಲ್ಬಂ ಅವಳದೇ. ಕಿವಿ ಪರೀಕ್ಷೆಯ ಬೀಪ್‌ಗಳು, ಲಿಫ್ಟಿನ ಬಾಗಿಲು, ಕುರ್ಚಿ ಎಳೆಯುವ ಸದ್ದು, ಇವುಗಳ ನಡುವೆ ಅವಳ ದನಿ. ಎಲ್ಲ ಸೇರಿ ಏಳು ಹಾಡು. ಆನ್‌ಲೈನಿನಲ್ಲಿ ಬಿಟ್ಟಾಗ ಕೇಳುಗರು ಬಾಯಿಗೆ ಬಂದದ್ದನ್ನು ಬರೆದರು. "ಇದು ಹಾಡಾ, ಫ್ಯಾನ್ ರಿಪೇರಿನಾ?" ಎಂದೊಬ್ಬ. "ಕೆಲಸ ಮಾಡ್ತಾ ಇಡೀ ದಿನ ಹಾಕಿದ್ದೆ. ತಲೆನೋವು ಹೋಯ್ತು, ಅಥವಾ ಅಭ್ಯಾಸ ಆಯ್ತು," ಎಂದು ಇನ್ನೊಬ್ಬಳು. ಒಂದು ಪತ್ರಿಕೆಯ ವಿಮರ್ಶಕಿ, ಗಾಯಕಿ ತನ್ನ ದನಿಗೆ ತಾನೇ ಹೆದರಿ ಅದನ್ನು ಸದ್ದುಗಳ ಹಿಂದೆ ಬಚ್ಚಿಟ್ಟಿದ್ದಾಳೆ ಎಂದು ಬರೆದಳು. ಅದನ್ನು ಓದಿದ ದಿನ ಇವಳಿಗೆ ಊಟ ಸೇರಿರಲಿಲ್ಲ. ಆಮೇಲೆ ಗಂಡ ಕೆಲಸ ಮಾಡುವ ಪತ್ರಿಕೆಯ ಅಂಕಣಕಾರರೊಬ್ಬರು ಹೊಗಳಿದರು. ಆ ಅಂಕಣದ ಬಲದ ಮೇಲೆಯೇ ಅವಳು ಡಾಕ್ಟರ ಹತ್ತಿರ ಅರ್ಧ ದಿನದ ಮಾತೆತ್ತಿದ್ದು. ಉಳಿದ ಅರ್ಧ ದಿನ ಹಾಡಿಗೆ.

ಮಧ್ಯಾಹ್ನ ಡಬ್ಬಿ ಬಿಚ್ಚಿ ಅಂಕಣವನ್ನು ಫೋನಿನಲ್ಲಿ ಮತ್ತೊಮ್ಮೆ ಓದಿದಳು. ಅವಳಿಗೆ ತೀರಾ ಇಷ್ಟವಾಗಿದ್ದ ಸಾಲು ಬಂತು: "ಏಳನೇ ಹಾಡಿನ ಕೊನೆಯಲ್ಲಿ ದನಿ ಮೆಲ್ಲಮೆಲ್ಲಗೆ ಕರಗುತ್ತದೆ, ದೀಪ ಆರಿದ ಮೇಲೂ ಕೋಣೆಯಲ್ಲಿ ಯಾರೋ ಕೂತೇ ಇದ್ದ ಹಾಗೆ."

ಚಮಚ ಅರ್ಧಕ್ಕೆ ನಿಂತಿತು.

ಏಳನೇ ಹಾಡು ಕರಗುವುದಿಲ್ಲ. ಪದದ ನಡುವೆಯೇ ಕತ್ತರಿಸಿದಂತೆ ನಿಲ್ಲುತ್ತದೆ. ಮೊದಲು ಕರಗುತ್ತಿತ್ತು, ನಿಜ. ಆದರೆ ಬಿಡುಗಡೆಗೆ ಮುಂಚಿನ ವಾರ ಅವಳೇ ಆ ಕೊನೆಯನ್ನು ಕಿತ್ತುಹಾಕಿದ್ದಳು. ಹಳೆಯ ಹಾಡು ಅವಳ ಮನೆಯ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ಸಲ ಓದಿದವಳಿಗೆ ಇದು ಹೊಳೆದೇ ಇರಲಿಲ್ಲ. ಹೊಗಳಿಕೆಯ ಮುಂದೆ ಅವಳ ಕಿವಿಯೂ ಆ ಮುದುಕನ ಕಿವಿಯಂತೆಯೇ.

ಸಂಜೆ ಬಸ್ಸಿನಲ್ಲಿ ಕೂತು ಕೇಳುಗರ ಮಾತುಗಳನ್ನೂ ಒಂದೊಂದಾಗಿ ತೆರೆದಳು. ಮೆಚ್ಚಿದವರ ಮೇಲೆಲ್ಲ ಅನುಮಾನ ಬಂತು. ಈ ‘ಅದ್ಭುತ’ ಯಾರದು? ಈ ಮೂರು ಹೃದಯದ ಚಿತ್ರ ಹಾಕಿದವನು ನಾದಿನಿಯ ಗಂಡನಲ್ಲವೇ? ಬೈದವರ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಮನೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಿದ್ದರು.

"ಅಮ್ಮಾ, ನನ್ನ ಹಾಡು ಕೇಳಿದ್ರಲ್ಲ. ನಿಜ ಹೇಳಿ, ಹೇಗಿತ್ತು?"

"ನಿಜ ಹೇಳಿದ್ರೆ ಬೇಜಾರು ಮಾಡ್ಕೋಬಾರ್ದು. ಮಿಕ್ಸಿ ಕೆಟ್ಟೋಯ್ತೇನೋ ಅಂತ ಎದ್ದು ಹೋಗಿ ನೋಡ್ಕೊಂಡು ಬಂದೆ ಕಣೆ."

ಅವಳಿಗೆ ನಗು ಬಂತು. "ನೀವೊಬ್ರೇ ನಿಜವಾಗ್ಲೂ ಕೇಳಿದ್ದು."

ಗಂಡ ರಜೆಯಲ್ಲಿದ್ದ. ಪತ್ರಿಕೆಯ ಪುಟಗಳನ್ನು ಜೋಡಿಸುವುದು ಅವನ ಕೆಲಸ. ಸಾಲು ಹೆಚ್ಚಾದರೆ ಎಲ್ಲಿ ಕತ್ತರಿಸಿದರೆ ಗೊತ್ತಾಗುವುದಿಲ್ಲ ಎಂದು ಬಲ್ಲವನು. ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದ.

"ಐದನೇ ಹಾಡಲ್ಲಿ ಮಗು ನಗುತ್ತಲ್ಲ," ಎಂದಳು ಬ್ಯಾಗ್ ಇಳಿಸುತ್ತ, "ಅದು ಜಾಸ್ತಿ ಆಯ್ತಾ ಅಂತ."

"ಇಲ್ಲ ಕಣೆ, ಚೆನ್ನಾಗಿದೆ ಅದು. ಅಲ್ಲಿಗೆ ಅದು ಬೇಕಾಗಿತ್ತು."

ಅವಳು ಅವನನ್ನೇ ನೋಡುತ್ತ ನಿಂತಳು.

"ಏನು?"

"ಐದನೇ ಹಾಡಲ್ಲಿ ಮಗು ಇಲ್ಲ. ಯಾವ ಹಾಡಲ್ಲೂ ಇಲ್ಲ."

ಅವನು ಕಾಲು ಎಳೆದುಕೊಂಡ.

"ಅಂಕಣಕಾರರಿಗೆ ನೀನೇ ಹೇಳಿದ್ದಾ?" ಎಂದಳು.

"ಅವ್ರಿಗೆ ಕೇಳೋಕೆ ಪುರುಸೊತ್ತಿರ್ಲಿಲ್ಲ. ಪುಟ ಮುಗಿಸ್ಬೇಕಿತ್ತು. ‘ನಿನ್ನ ಹೆಂಡತಿದಲ್ವೇನಯ್ಯಾ, ಏನಿದೆ ಅದ್ರಲ್ಲಿ’ ಅಂದ್ರು. ಹೇಳಿದೆ. ಬರ್ಕೊಂಡ್ರು."

"ದೀಪ ಆರಿದ ಮೇಲೂ ಯಾರೋ ಕೂತೇ ಇದ್ದ ಹಾಗೆ?"

"ಅದು ನಾನು ಹೇಳಿದ್ದು." ಅವನ ದನಿ ಇಳಿಯಿತು. "ಸುಳ್ಳಲ್ಲ. ನೀನು ಒಳಗೆ ರಾತ್ರಿಯೆಲ್ಲ ಆ ಹಾಡು ಹಾಕ್ತಿದ್ದೆ. ನಾನು ಬಾಗಿಲ ಆಚೆ ಕೇಳಿಸ್ಕೊಳ್ತಿದ್ದೆ. ಹಾಗೇ ಅನ್ನಿಸ್ತಿತ್ತು."

"ಬಿಡುಗಡೆ ಆದ್ಮೇಲೆ?"

"ಕೇಳ್ಲಿಲ್ಲ."

"ಯಾಕೆ?"

"ಇಷ್ಟ ಆಗ್ದೇ ಹೋದ್ರೆ ನಿನ್ ಮುಂದೆ ಹೇಗೆ ಕೂರೋದು?"

ಜಗಳಕ್ಕೆ ಮಾತು ಬಾಯಿಗೆ ಬಂದಿತ್ತು. ಅದನ್ನು ಬಿಟ್ಟು ಅವಳು ಕಂಪ್ಯೂಟರ್ ಹಾಕಿ ಕುರ್ಚಿ ತೋರಿಸಿದಳು. "ಕೂತ್ಕೋ. ಮೊದಲಿಂದ ಕೊನೇತನಕ. ಮಧ್ಯೆ ಮಾತಾಡ್ಬೇಡ. ಇಷ್ಟ ಆಗ್ಲಿಲ್ಲ ಅಂದ್ರೆ ಇಷ್ಟ ಆಗ್ಲಿಲ್ಲ ಅನ್ನು. ಸೋಮವಾರ ಡಾಕ್ಟರಿಗೆ ಉತ್ತರ ಕೊಡ್ಬೇಕು ನಾನು."

"ನನ್ನ ಮಾತಿನ ಮೇಲೆ ಉತ್ತರ ಕೊಡ್ತೀಯಾ?"

"ಇಷ್ಟು ದಿನ ನಿನ್ನ ಮಾತಿನ ಮೇಲೇ ನಿಂತಿದ್ದೆ. ನಂಗೆ ಗೊತ್ತಿರ್ಲಿಲ್ಲ, ಅಷ್ಟೆ."

ಅವನು ಹೆಡ್‌ಫೋನ್ ಹಾಕಿಕೊಂಡ. ಅವಳು ಎದುರಿಗೆ ಮಂಚದ ಮೇಲೆ ಕೂತಳು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ, ತೆರೆಯ ಮೇಲೆ ಗೆರೆ ಓಡುವುದಷ್ಟೇ ಕಾಣುತ್ತಿತ್ತು. ಎರಡನೆಯ ಹಾಡಿಗೆ ಅವನ ಹುಬ್ಬು ಗಂಟಾಯಿತು. ನಾಲ್ಕನೆಯದರಲ್ಲಿ ಒಮ್ಮೆ ಕಣ್ಣು ಮುಚ್ಚಿದ. ನಿದ್ದೆಯೋ ಎಂದು ಅವಳು ಬಗ್ಗಿ ನೋಡಿದಳು. ನಿದ್ದೆಯಲ್ಲ. ಆಚೆ ಅತ್ತೆ ಬೀರುವಿನ ಬಾಗಿಲು ಹಾಕಿದರು. ಅದೂ ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

ಏಳನೆಯದು ನಿಂತಾಗ ಅವನು ಬೆಚ್ಚಿಬಿದ್ದ. ತಂತಿ ಕಳಚಿತೇನೋ ಎಂದು ಮುಟ್ಟಿ ನೋಡಿದ.

"ಮುಗೀತಾ?"

"ಮುಗೀತು."

ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ಇಷ್ಟ ಆಗ್ಲಿಲ್ಲ," ಎಂದ.

"ಯಾಕೆ?"

"ಕೊನೇಲಿ ಹೇಳ್ದೆ ಕೇಳ್ದೆ ಎದ್ದು ಹೋಗ್ಬಿಟ್ಟೆ ನೀನು. ನಾನಿನ್ನೂ ಕೂತೇ ಇದ್ದೆ."

ಕೇಳಿ ಹೇಳಿದ ಮಾತೋ, ಅವಳಿಗೆ ಇಂಥದ್ದೇ ಬೇಕೆಂದು ಊಹಿಸಿ ಹೇಳಿದ್ದೋ. ಅವಳು ಅವನ ಮುಖವನ್ನು ಹುಡುಕಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಹೆಡ್‌ಫೋನ್ ಒತ್ತಿದ ಕೆಂಪು ಗೆರೆ ಎರಡೂ ಕಿವಿಗಳ ಸುತ್ತ ಮೂಡಿತ್ತು. ಅದು ಮಾಸುವವರೆಗೂ ಅವಳು ನೋಡುತ್ತ ಕೂತಳು.