ಬೇವಿನ ಗಿಡದ ಮನೆಯವಳು

ನನ್ನ ಒಗಟಿಗೆ ಎರಡು ಉತ್ತರ ಬರುತ್ತವೆ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂರು ವರ್ಷದಿಂದ ವಾರಕ್ಕೊಂದು ಹಾಳೆ ಮಾಡುತ್ತಿದ್ದೇನೆ. ಒಂದು ಬದಿಗೆ ಪದಬಂಧ, ಇನ್ನೊಂದು ಬದಿಗೆ ತರ್ಕದ ಒಗಟು. ಶನಿವಾರ ಸಂಜೆ ಜೆರಾಕ್ಸ್ ಮಾಡಿಸಿ, ಭಾನುವಾರ ಮಧ್ಯಾಹ್ನ ಓಣಿಯ ಹೆಂಗಸರು ಕೂಡುವ ಕಟ್ಟೆಗೆ ಒಯ್ಯುತ್ತೇನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಬಂದಿಲ್ಲ. ನನ್ನ ಗಂಡ ಅಜಯಕುಮಾರ ಮಗ್ಗದ ಕುಣಿಯಲ್ಲಿ ಕೂತುಕೊಂಡೇ ಚಾಷ್ಟಿ ಮಾಡುತ್ತಾನೆ: "ಸಾರಿಗೆ ಉಪ್ಪು ಹಾಕೂದು ಮರೀತಿ, ಒಗಟಿಗೆ ಸುಳಿವು ಹಾಕೂದು ಮಾತ್ರ ಮರಿಯೂದಿಲ್ಲ ನೋಡ." ಮಾತು ಖರೆಯೇ, ಆದರೆ ಅವನು ಹೇಳಿದ್ದು ನನಗೆ ಸೇರುವುದಿಲ್ಲ.

ನಾನು ಅನ್ನಪೂರ್ಣ. ತವರು ನರಗುಂದ, ಮದುವೆಯಾಗಿ ಬಂದದ್ದು ಗಜೇಂದ್ರಗಡದ ನೇಕಾರರ ಓಣಿಗೆ. ಇಲ್ಲಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಹಾಗಾಗಿ ಓಣಿಗೆಲ್ಲ ನಾನು 'ಅಕ್ಕೋರು'. ಮಕ್ಕಳಿಗೆಂದು ಬರೆದಿಟ್ಟಿದ್ದ ಒಗಟನ್ನು ಪಕ್ಕದ ಮನೆಯ ಮಾನವ್ವ ಒಮ್ಮೆ ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಓದಿಸಿದಳು. ಅಲ್ಲಿಂದ ಈ ಹುಚ್ಚು ಓಣಿಗೆಲ್ಲ ಹತ್ತಿತು.

ಆ ಕಟ್ಟೆ ಕಳಕವ್ವನ ಮನೆಯದು. ಕಳಕವ್ವನಿಗೆ ಅರವತ್ತು ದಾಟಿದೆ. ಸೀರೆಯ ಹಾಸು ಹೂಡುವಾಗ ಸಾವಿರಾರು ಎಳೆಯನ್ನು ಬಾಯಲ್ಲೇ ಎಣಿಸಿ ಒಂದೂ ತಪ್ಪದ ತಲೆ ಆಕೆಯದು. ಉಳಿದವರು ಪೆನ್ಸಿಲ್ಲು ಹಿಡಿದು ಚೌಕ ಗೀಚುತ್ತಿರುವಾಗಲೇ ಆಕೆ ಎಲೆಯಡಿಕೆ ಜಗಿಯುತ್ತ ಉತ್ತರ ಹೇಳಿ ಮುಗಿಸಿರುತ್ತಾಳೆ. ಆದರೆ ಹಾಳೆಯನ್ನು ಮಾತ್ರ ಕೈಯಲ್ಲಿ ಹಿಡಿಯುತ್ತಿರಲಿಲ್ಲ. "ನನ್ನ ಕಣ್ಣು ಮಂಜ ಆಗ್ಯಾವ್ರೆ, ಯಾರರ ಓದ್ರಿ" ಎನ್ನುವಳು. ಒಬ್ಬರು ಗಟ್ಟಿಯಾಗಿ ಓದುವರು, ಆಕೆ ಕಣ್ಣು ಮುಚ್ಚಿ ಕೇಳುವಳು.

ಕಳೆದ ಯುಗಾದಿಯ ಸುಮಾರಿಗೆ ಒಂದು ಗುರುವಾರ ಕಳಕವ್ವ ನನ್ನ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಬಂದವಳೇ ಅಡುಗೆಮನೆಯ ಕದ ಮುಂದೆ ಮಾಡಿದಳು.

"ಅನ್ನಪೂರ್ಣಾ, ನನ್ನ ಕಣ್ಣು ಚಲೋ ಅದಾವ. ನನಗ ಓದಾಕ ಬರೂದಿಲ್ಲ."

ನಾನು ಒಲೆ ಆರಿಸಿ ಆಕೆಗೆ ಮಣೆ ಹಾಕಿದೆ.

"ನನ್ನ ತವರು ಮುಶಿಗೇರಿಗೆ ಗಂಡಿನವರು ನನ್ನ ನೋಡಾಕ ಬಂದಾಗ ನಮ್ಮಪ್ಪ ಸಾಲಿಗೆ ಹೋಗ್ಯಾಳ, ನಾಕನೇತ್ತಾ ಪಾಸ್ ಆಗ್ಯಾಳ ಅಂದಬಿಟ್ಟ. ನಾ ಸುಮ್ನ ತೆಳಗ ನೋಡಿದೆ. ಅವತ್ತಿಂದ ಅದನ್ನ ಹೊತಗೊಂಡ ತಿರಗೀನಿ. ನಮ್ಮ ಮನಿಯವರು ಸಾಯೂತನಾ ನಂಬಿದ್ರು. ಓಣಿಗೆಲ್ಲ ನಾ ಕಲತಾಕಿ. ಈ ವಯಸ್ಸಿನಾಗ ಸುಳ್ಳ ಹೇಳಿದಾಕಿ ಅನಿಸಿಕೊಳ್ಳಾಕ ನನಗ ಆಗೂದಿಲ್ಲವಾ. ನನಗ ಓದು ಕಲಸ. ಯಾರಿಗೂ ಗೊತ್ತಾಗಬಾರದು."

ಗುರುವಾರ ಮಧ್ಯಾಹ್ನದ ಮೇಲೆ ನನಗೆ ಪಾಠವಿರುವುದಿಲ್ಲ. ಹಾಗಾಗಿ ಪ್ರತಿ ಗುರುವಾರ ಮೂರು ಗಂಟೆಗೆ ಕಲಿಕೆ ಶುರುವಾಯಿತು. ಓಣಿಯವರಿಗೆ ಆಕೆ ನನಗೆ ಬೇಳೆ ಹಸನು ಮಾಡಿಕೊಡಲು ಬರುತ್ತಾಳೆ ಎಂದು ಹೇಳಿದ್ದೆವು. ಒತ್ತಕ್ಷರ ಬಂದಾಗ ಆಕೆಗೆ ಬಲು ಸಿಟ್ಟು. "ಇವಕ್ಕ ಯಾಕವಾ ಕಾಲಾಗ ಮತ್ತೊಂದು ಕೂಸು?" ಎಂದು ಪೆನ್ಸಿಲ್ಲು ಒಗೆಯುವಳು, ಮರುಕ್ಷಣ ತಾನೇ ಹುಡುಕಿ ತರುವಳು. ಶಾಲೆಯಲ್ಲಿ ಐವತ್ತು ಮಕ್ಕಳಿಗೆ ಕಲಿಸಿ ಬೇಸತ್ತು ಬಂದ ದಿನವೂ ಆಕೆಯ ಮುಂದೆ ಕೂತರೆ ನನ್ನ ಜೀವ ಹಗುರಾಗುತ್ತಿತ್ತು. ನನ್ನ ಸ್ವಂತ ಅತ್ತೆಯ ಮೇಲೂ ನನಗೆ ಅಷ್ಟು ಅಕ್ಕರೆ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಎಂಟು ತಿಂಗಳಾದ ಮೇಲೆ ಆಕೆಯೇ ದಿನ ಗೊತ್ತು ಮಾಡಿದಳು. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಆ ಸಲದ ಅಮಾವಾಸ್ಯೆ ಭಾನುವಾರವೇ ಬಿದ್ದಿತ್ತು.

"ಅವತ್ತ ಎಲ್ಲಾರೂ ಬಂದಿರತಾರ. ಹಾಳಿ ನಾ ಓದತೀನಿ. ಯಾರೂ ಬೆರಗಾಗಬಾರದು ನೋಡ. ಬೆರಗಾದ್ರ ನಾ ಸಿಕ್ಕಂಗ" ಎಂದಳು.

ಆಕೆ ಸರಾಗವಾಗಿ ಓದುವಂಥ ಒಗಟು ಮಾಡುವುದು ಈಗ ನನ್ನ ಹೊಣೆಯಾಯಿತು. ಶುಕ್ರವಾರ ಕೂತು, ಆಕೆ ಕಲಿತ ಮಾತುಗಳನ್ನೇ ಹೆಕ್ಕಿದೆ. ಒತ್ತಕ್ಷರ ಆದಷ್ಟು ಬೇಡ. ನೀಲಿ, ಬಾಗಿಲು, ಆಡು, ಬೇವು, ಗಿಡ, ಶಾವಿಗೆ, ನೂಲು. ನಾಲ್ಕು ಮನೆ, ನಾಲ್ಕು ಕೆಲಸ. ಸುಳಿವು ಚಿಕ್ಕವು, ಉತ್ತರ ಒಂದೇ. ಮೂರು ಸಲ ತಾಳೆ ನೋಡಿದೆ, ಎಲ್ಲ ಸರಿಯಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮಲಗಿದೆ.

ಭಾನುವಾರ ಊಟವಾದ ಮೇಲೆ ಕಟ್ಟೆ ತುಂಬಿತು. ಮಾನವ್ವ, ಆಡು ಸಾಕಿರುವ ಚಮನಬಿ, ಎದುರು ಮನೆಯ ಬನಶಂಕರಿ, ಇನ್ನೂ ಏಳೆಂಟು ಜನ. ನಾನು ಹಾಳೆಯ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮೇಲಿನದೊಂದನ್ನು ಎತ್ತಿದೆ.

"ತಾ ಇಲ್ಲೆ" ಎಂದು ಕಳಕವ್ವ ಕನ್ನಡಕ ಏರಿಸಿ ಕೈ ಚಾಚಿದಳು. "ಚಾಳೀಸು ಬದಲಿ ಮಾಡಿಸೇನಿ. ಇವತ್ತ ನಾ ಓದತೀನಿ."

ಯಾರೂ ಬೆರಗಾಗಲಿಲ್ಲ. ಬನಶಂಕರಿ ಆಕಳಿಸಿದಳು. ಮಾನವ್ವ, "ಲಗೂನ ಓದ ಎಕ್ಕಾ" ಎಂದಳು ಅಷ್ಟೆ.

ಕಳಕವ್ವ ಓದತೊಡಗಿದಳು. ನಿಧಾನವಾಗಿ, ಆದರೆ ಎಲ್ಲೂ ಎಡವದೆ. "ಒಂದು ಓಣಿ. ನಾಲ್ಕು ಮನೆ. ನೀಲಿ ಬಾಗಿಲ ಮನೆ. ಆಡು ಇರುವ ಮನೆ. ಜೋಡು ಮೆಟ್ಟಿಲ ಮನೆ. ಬೇವಿನ ಗಿಡದ ಮನೆ. ಗುರುವಾರ ಮೂರು ಗಂಟೆಗೆ ನಾಲ್ಕು ಮನೆಯವರ ಕೆಲಸ ಬೇರೆ ಬೇರೆ. ಶಾವಿಗೆ ಹೊಸೆಯುವುದು. ನೂಲು ಸುತ್ತುವುದು. ಮಲಗುವುದು."

ಅಲ್ಲಿಗೆ ನಿಂತಳು. ಮುಂದಿನ ಸಾಲು ನನಗೆ ಬಾಯಿಪಾಠವಿತ್ತು. ಅದು ನೆನಪಾದದ್ದೇ ನಾನು ಏನು ಮಾಡಿಟ್ಟಿದ್ದೇನೆಂದು ಹೊಳೆಯಿತು.

"ಓದು ಕಲಿಯುವುದು" ಎಂದು ಓದಿದಳು ಕಳಕವ್ವ.

ನನ್ನ ತಲೆಗೆ ಏನಾಗಿತ್ತೋ! ಆಕೆ ಓದಬಲ್ಲ ಮಾತುಗಳೆಲ್ಲ ಆಕೆ ದಿನಾ ನೋಡುವ ವಸ್ತುಗಳವು. ಅವನ್ನೇ ಜೋಡಿಸುತ್ತ ಹೋಗಿ ನಾನು ನಮ್ಮ ಓಣಿಯನ್ನೇ ಬರೆದಿದ್ದೆ. ನಾಲ್ಕನೆಯ ಕೆಲಸ ಬೇಕಾದಾಗ, ಗುರುವಾರ ಮೂರು ಗಂಟೆಗೆ ನನ್ನ ಕಣ್ಣೆದುರು ನಡೆಯುವುದನ್ನೇ ಹಾಕಿದ್ದೆ. ಹೆಸರು ಬರೆದಿಲ್ಲವಲ್ಲ ಎಂದುಕೊಂಡಿದ್ದೆ. ಇಡೀ ಓಣಿಗೆ ಒಂದೇ ಬೇವಿನ ಗಿಡ. ನಾವೆಲ್ಲ ಅದರ ನೆರಳಿನಲ್ಲೇ ಕೂತಿದ್ದೆವು.

"ಅತ್ತಿ, ಬಿಡ್ರಿ, ಪದಬಂಧ ಮೊದಲ ಮಾಡೋಣು" ಎಂದು ಹಾಳೆಗೆ ಕೈ ಹಾಕಿದೆ. ಮಾನವ್ವ ನನ್ನ ಕೈಗೆ ಒಂದು ಏಟು ಹಾಕಿದಳು.

"ಸುಮ್ನಿರ್ರಿ ಅಕ್ಕೋರ! ಇದು ನಮ್ಮ ಓಣೀನ ಐತಿ! ನೀಲಿ ಬಾಗಿಲು ನಂದು. ಓದ ಎಕ್ಕಾ, ಓದ."

ಕಳಕವ್ವ ನನ್ನ ಕಡೆ ನೋಡಲಿಲ್ಲ. ಒಗಟು ಬಿಡಿಸುವುದರಲ್ಲಿ ಆಕೆ ನಮ್ಮೆಲ್ಲರಿಗಿಂತ ಮುಂದೆ. ಎಲ್ಲಿಗೆ ಬಂದು ಮುಟ್ಟುತ್ತದೆಂಬುದು ಆಗಲೇ ತಿಳಿದಿರಬೇಕು. ಕಣ್ಣು ಮಂಜೆಂದು ಹಾಳೆ ಮರಳಿ ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ, ಓದಿದಳು.

"ನೀಲಿ ಬಾಗಿಲಿನವಳು ಶಾವಿಗೆ ಹೊಸೆಯುವಳು."

"ಹೌದ್ರೆವಾ, ನಾನ!" ಎಂದಳು ಮಾನವ್ವ.

"ಆಡು ಇರುವ ಮನೆಯವಳು ಮಲಗಲಾರಳು. ಓದು ಕಲಿಯಲಾರಳು."

"ಅಂದ್ರ ನೂಲು ಸುತ್ತಾಕಿ ನಾನು" ಎಂದಳು ಚಮನಬಿ.

"ಮಲಗುವವಳ ಮನೆಯ ಮುಂದೆ ಗಿಡ ಇಲ್ಲ."

ಎಲ್ಲರೂ ಎದುರು ಮನೆಯ ಜೋಡು ಮೆಟ್ಟಿಲು ನೋಡಿದರು, ಆಮೇಲೆ ಬನಶಂಕರಿಯನ್ನು. ಮೂರು ಗಂಟೆಗೆ ಮಗ್ಗದ ಮೇಲೆ ಇರುತ್ತೇನೆಂದು ಗಂಡನ ಮುಂದೆ ಹೇಳುವ ಬನಶಂಕರಿ ಮುಖ ಮುಚ್ಚಿಕೊಂಡಳು. ಕಟ್ಟೆಗೆ ಕಟ್ಟೆಯೇ ನಕ್ಕಿತು. ನಗುತ್ತ ನಗುತ್ತಲೇ ಒಬ್ಬೊಬ್ಬರಿಗೆ ಉಳಿದದ್ದು ಹೊಳೆಯಿತು. ನಗು ನಿಂತಿತು.

ಮೊದಲು ಬಾಯಿ ತೆರೆದವಳು ಮಾನವ್ವ. "ಅಕ್ಕೋರ, ನಿಮ್ಮ ಒಗಟ ತಪ್ಪೈತಿ."

"ಏನ್ ತಪ್ಪೈತಿ?" ಎಂದೆ. ಅಂಥ ಹೊತ್ತಿನಲ್ಲೂ ನನ್ನ ದನಿ ಏರಿತು ನೋಡಿ.

"ಬೇವಿನ ಗಿಡದಾಕಿ ಓದು ಕಲಿಯಾಕತ್ತಾಳಂತ! ಈಗ ನಮ್ಮ ಮುಂದ ಇಡೀ ಹಾಳಿ ಓದಿದಾಕಿ ಯಾರು? ನಾಕನೇತ್ತಾ ಪಾಸ್ ಆದಾಕಿ ಮತ್ತೇನ ಓದು ಕಲೀತಾಳ್ರಿ?"

"ಖರೇ ಐತಿ" ಎಂದರು ಉಳಿದವರು. "ಒಂದ ಸುಳಿವು ಬಿಟ್ಟೀರಿ ನೀವು."

ಕಳಕವ್ವ ತಪ್ಪಿಸಿಕೊಂಡಿದ್ದಳು. ಆಕೆಯ ಓದೇ ಆಕೆಯನ್ನು ಕಾಪಾಡಿತ್ತು. ನಾನು ಒಂದು ಮಾತು ಅಂದರೆ ಸಾಕಿತ್ತು. ಆ ಮಾತು ಬಾಯಿಂದ ಹೊರಡಿಸಲು ನನಗೆ ಎಷ್ಟು ಕಷ್ಟವಾಯಿತೆಂದರೆ, ಹೇಳಿದರೆ ನಗುತ್ತೀರಿ.

"ಹೌದ್ರಿ, ತಪ್ಪೈತಿ" ಎಂದೆ. "ಅವಸರದಾಗ ಮಾಡಿದೆ. ಒಂದು ಸುಳಿವು ಬಿಟ್ಟೇನಿ."

ಮಾನವ್ವ ಗೆದ್ದ ಮುಖ ಮಾಡಿಕೊಂಡು ಹಿಂದಕ್ಕೆ ಒರಗಿದಳು. ಬನಶಂಕರಿ, ಹಾಗಾದರೆ ತಾನು ಮಲಗುವುದೂ ಸುಳ್ಳೇ ಎಂದು ಸಾಧಿಸಲು ಹೊರಟಳು. ನಾನು ತಲೆ ತಗ್ಗಿಸಿ ಹಾಳೆಯ ಕಟ್ಟನ್ನು ಮಡಚುತ್ತಿದ್ದೆ.

"ಮಡಚಬ್ಯಾಡ" ಎಂದಳು ಕಳಕವ್ವ.

ತಲೆ ಎತ್ತಿದೆ. ಚಾಳೀಸು ತೆಗೆದು ಸೆರಗಿನಿಂದ ಒರೆಸುತ್ತಿದ್ದಳು.

"ಒಗಟ ಬರೋಬ್ಬರಿ ಐತಿ. ಮೂರು ವರ್ಷ ಆತು, ಈಕಿ ಮಾಡಿದ್ದು ಒಂದೂ ತಪ್ಪಿಲ್ಲ, ಇದೂ ತಪ್ಪಿಲ್ಲ. ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ನಾಕನೇತ್ತಾ ಅಂದದ್ದು ಸುಳ್ಳು. ಯುಗಾದಿಯಿಂದ ಗುರುವಾರಕ್ಕೊಮ್ಮೆ ಈಕಿ ಮನ್ಯಾಗ ಕುಂತು ಓದು ಕಲಿಯಾಕತ್ತೀನಿ. ನನ್ನ ಸಲುವಾಗಿ ಈಕಿ ತಪ್ಪು ಒಪ್ಪಗೋಬಾರದು."

ಚಮನಬಿ ನೆಲ ನೋಡಿದಳು. ನನಗೆ ಅಳು ಬಂದುಬಿಟ್ಟಿತ್ತು, ಮುಚ್ಚಿಡಲೂ ಹೋಗಲಿಲ್ಲ. ಕಳಕವ್ವ ನೆಟ್ಟಗೆ ಕೂತಿದ್ದಳು, ಯಾರು ಏನೆನ್ನುತ್ತಾರೋ ಅನ್ನಲಿ ಎನ್ನುವ ಹಾಗೆ.

ಮಾನವ್ವ ಆಕೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕಳಕವ್ವನ ಪಕ್ಕಕ್ಕೆ ಸರಿದು ಕೂತು, ಕಟ್ಟೆಯ ಮೇಲೆ ಬಿದ್ದಿದ್ದ ಹಾಳೆ ಎತ್ತಿ ಮಗ್ಗಲು ಬದಲಿಸಿ ಆಕೆಯ ಕೈಗೇ ಕೊಟ್ಟಳು.

"ಹಂಗಾರ ಪದಬಂಧನೂ ನೀನ ಓದ ಎಕ್ಕಾ" ಎಂದಳು. "ಈ ಅಕ್ಕೋರು ಓದಿದ್ರ ನನಗ ಒಂದೂ ತಿಳಿಯೂದಿಲ್ಲ."