ಕುಣಿಗಲ್ಲಿನಲ್ಲಿ ಮಂಡಿನೋವು

“ಉಸಿರು ಬಿಗಿ ಹಿಡೀರಿ ಶಾಂತಲಮ್ಮ, ಅಲ್ಲಾಡ್ಬೇಡಿ.”

ಶಾಂತಲಮ್ಮ ಯಾರಪ್ಪಾ ಅಂತ ಕೌಸಲ್ಯಮ್ಮ ಕತ್ತು ತಿರುಗಿಸುವಷ್ಟರಲ್ಲಿ ಯಂತ್ರದ ಮೇಲಿನ ಹಲಗೆ ಇಳಿದು ಎಡಮೊಲೆಯನ್ನು ಅಕ್ಕಿರೊಟ್ಟಿ ತಟ್ಟುವ ಹಾಗೆ ಒತ್ತಿತು. ನೋವಿನ ಜೊತೆಗೇ ನೆನಪೂ ಬಂತು: ಶಾಂತಲಮ್ಮ ತಾನೇ. ಬೆಳಿಗ್ಗೆ ಕಾರಿನಲ್ಲಿ ಗಂಡ ಯೋಗನರಸಿಂಹ ಇಟ್ಟ ಹೆಸರು.

ತುಮಕೂರಿನಲ್ಲಿ ಸ್ಕ್ಯಾನಿಂಗ್ ಸೆಂಟರಿಗೇನೂ ಬರವಿರಲಿಲ್ಲ. ಆದರೆ ಒಂದೊಂದರಲ್ಲೂ ಯಾರೋ ನೆಂಟರ ಸೊಸೆ ಕೂತಿರುತ್ತಾಳೆ. ಮಗಳು ಮೈತ್ರೇಯಿಗೆ ಗುಬ್ಬಿಯ ಹುಡುಗ ಪ್ರದ್ಯುಮ್ನ ಗೊತ್ತಾಗಿದ್ದ. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಇಂಜಿನಿಯರು. ನಿಶ್ಚಿತಾರ್ಥವೂ ಮುಗಿದಿತ್ತು. ಹುಡುಗಿಯ ತಾಯಿಗೆ ಗಂಟು ಅಂತ ಗುಬ್ಬಿಗೆ ಗೊತ್ತಾದರೆ ವಂಶದಲ್ಲೇ ಇದೆ ಅಂದುಬಿಡುತ್ತಾರೆ. ಅದಕ್ಕೇ ಕುಣಿಗಲ್ಲು.

ಯೋಗನರಸಿಂಹರಿಗೆ ರೋಗಕ್ಕಿಂತ ಅದಿದ್ದ ಜಾಗದ ಹೆಸರೇ ದೊಡ್ಡ ಸಂಕಟ. ಕೌಂಟರಿನಲ್ಲಿ “ಎದೆ... ಆ ಕಡೆ... ಹೃದಯದ ಹತ್ತಿರ” ಅಂದಿದ್ದರು. ಅಲ್ಲಿಯವರು ಮೊದಲು ಇಸಿಜಿ ತೆಗೆದು, ಹೃದಯ ಗಟ್ಟಿಯಾಗಿದೆ ಅಂತ ಹೇಳಿ ಕಳಿಸಿದ್ದರು. ಕೊನೆಗೆ ಕೌಸಲ್ಯಮ್ಮನೇ ಎದ್ದು ಹೋಗಿ “ಮೊಲೇಲಿ ಗಂಟಮ್ಮ” ಅಂದಾಗ ಯಜಮಾನರು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುತ್ತಿದ್ದರು.

ಫಿಲಂ ನೋಡಿ ಡಾಕ್ಟರಮ್ಮ ಹೇಳಿದರು: “ಗಂಟಿನ ಅಂಚು ನನಗೆ ಹಿಡಿಸ್ತಿಲ್ಲ. ಏನೂ ಇಲ್ದೇನೂ ಇರಬಹುದು, ಫಿಲಮ್ಮಲ್ಲಿ ಅಷ್ಟೇ ಕಾಣೋದು. ಆ ಜಾಗ ಮರಗಟ್ಟಿಸಿ, ಸೂಜಿಯಲ್ಲಿ ಒಂದೆರಡು ಚೂರು ತೆಗೆದು ಲ್ಯಾಬಿಗೆ ಕಳಿಸಿದ್ರೆ ಖಚಿತ ಆಗುತ್ತೆ. ಇವತ್ತೇ ಮಾಡಬಹುದು.”

“ಮದುವೆ ಮುಗೀಲಿ ಡಾಕ್ಟ್ರೇ,” ಅಂದರು ಯೋಗನರಸಿಂಹ. “ಸೂಜಿ ಚುಚ್ಚಿದ್ರೆ ಕೆರಳಿ ಹರಡುತ್ತಂತೆ.”

“ಯಾರಂದ್ರು?”

“ನಮ್ಮ ವಾಕಿಂಗ್ ಗ್ರೂಪಲ್ಲಿ.”

“ಚುಚ್ಚಿದ್ರೆ ಹರಡಲ್ಲ. ಕಾಯ್ತಾ ಕೂತ್ರೆ ಹರಡಬಹುದು. ಹೊರಗೆ ಕೂತು ಯೋಚ್ನೆ ಮಾಡಿ.”

ಹೊರಗೆ ನರ್ಸು “ರುಕ್ಮಿಣಮ್ಮ! ರುಕ್ಮಿಣಮ್ಮ!” ಅಂತ ಕೂಗುತ್ತಿದ್ದಳು. ಮೂಲೆಯಲ್ಲಿ ಮಾಸ್ಕು ಹಾಕಿ ಸೆರಗು ಹೊದ್ದು ಕೂತಿದ್ದ ಹೆಂಗಸೊಬ್ಬರು, ರುಕ್ಮಿಣಮ್ಮ ಯಾರಪ್ಪಾ ಅನ್ನುವ ಹಾಗೆ ಸುತ್ತ ನೋಡಿದರು. ಕೌಸಲ್ಯಮ್ಮನಿಗೆ ಮುಖ ಕಾಣಲಿಲ್ಲ, ಸೀರೆ ಕಂಡಿತು. ನಿಶ್ಚಿತಾರ್ಥಕ್ಕೆ ಬೀಗಿತ್ತಿಗೆ ತಾನೇ ಆರಿಸಿ ಕೊಟ್ಟಿದ್ದ ನೇರಳೆ ಸೀರೆ.

“ಸುಮನಾ ಅವ್ರಾ?”

ಪಕ್ಕದಲ್ಲಿ ಪೇಪರಿನ ಹಿಂದೆ ಅಡಗಿದ್ದ ಪ್ರದ್ಯುಮ್ನನ ತಂದೆ ವಿಷ್ಣುಮೂರ್ತಿ ನಿಧಾನವಾಗಿ ಪೇಪರ್ ಇಳಿಸಿದರು. “ಓಹೋ, ಬೀಗ್ರು! ಇವಳಿಗೆ ಸ್ವಲ್ಪ ಮಂಡಿನೋವು.”

“ನಮ್ಮವಳಿಗೂ ಮಂಡೀನೇ,” ಅಂದರು ಯೋಗನರಸಿಂಹ.

ಇಬ್ಬರ ತಲೆಯ ಮೇಲೂ ‘ಮ್ಯಾಮೊಗ್ರಫಿ’ ಎಂಬ ಗುಲಾಬಿ ಬೋರ್ಡು. ಅದನ್ನು ನೋಡಿದ ಮೇಲೆ ಒಪ್ಪಂದ ಬೇಗ ಕುದುರಿತು. ನೀವು ನಮ್ಮನ್ನು ನೋಡಿಲ್ಲ, ನಾವು ನಿಮ್ಮನ್ನು ನೋಡಿಲ್ಲ. ಮುಹೂರ್ತ ಹಾಗೇ ಇರಲಿ. ಮದುವೆ, ಆರತಕ್ಷತೆ ಎಲ್ಲ ಮುಗಿದ ಮೇಲೆ ಇಬ್ಬರು ಹೆಂಗಸರನ್ನೂ ಒಂದೇ ಕಾರಿನಲ್ಲಿ ಕರೆತಂದರಾಯಿತು. ಇಂಥ ಹೊಂದಾಣಿಕೆ ಜಾತಕದಲ್ಲೂ ಬಂದಿರಲಿಲ್ಲ. ಬೀಗರು ಕೈಕುಲುಕಿದರು.

ಸುಮನಾ ಬಂದು ಕೌಸಲ್ಯಮ್ಮನ ಕೈ ಹಿಡಿದುಕೊಂಡರು. “ನನಗೆ ದೀಪಾವಳಿಯಿಂದಲೇ ಇದೆ,” ಅಂದರು ಮೆಲ್ಲಗೆ. “ಮಗನ ಮದುವೆ ಆಗ್ಲಿ ಅಂತ...”

“ಏಳೇ,” ಅಂದರು ಯೋಗನರಸಿಂಹ, ಕಾರಿನ ಕೀ ಆಡಿಸುತ್ತ. “ಬೀಗ್ರು ಕಾಫಿ ಕೊಡಿಸ್ತಾರಂತೆ. ಮದುವೆ ಆದ ಮಾರನೇ ದಿನಾನೇ ಕರ್ಕೊಂಡ್ಬರ್ತೀನಿ, ನಿನ್ನಾಣೆ.”

“ಕಾಫಿನೂ ಬೇಡ, ಮಾರನೇ ದಿನಾನೂ ಬೇಡ,” ಅಂದರು ಕೌಸಲ್ಯಮ್ಮ. “ಸೂಜಿ ಹಾಕಿಸ್ಕೊಳ್ದೆ ನಾನು ಏಳಲ್ಲ.”